ಬೇರಿನ ‘ಗಂಟು’: ಒಳ್ಳೆಯದಕ್ಕೂ ಅದೇ ಪದ, ರೋಗಕ್ಕೂ ಅದೇ ಪದವೇ?

ಗೆಳೆಯರೇ,

ಒಂದು ಪದದ ಬಗ್ಗೆ ಕೇಳಬೇಕಿತ್ತು. ಹೊಸ ಪದವೇನಲ್ಲ, ಗಂಟು.

ಹೋದ ಮುಂಗಾರಿಗೆ ನಮ್ಮೂರಿನ ರೈತರಿಗೆಂದು ಅರ್ಧ ಪುಟದ ಕರಪತ್ರ ಬರೆದಿದ್ದೆ. ಊರು ಗದಗದ ಹತ್ತಿರ, ನಾನಿರುವುದು ಧಾರವಾಡ. ಹೆಸರುಕಾಳು, ಶೇಂಗಾ ಬೀಜಕ್ಕೆ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಹಚ್ಚುವುದು ಹೇಗೆ ಅಂತ. ಬೆಲ್ಲದ ನೀರಿನಲ್ಲಿ ಕಲಸಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ ಎಂದೆಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದೆ: ‘ಬೇರಿನಲ್ಲಿ ಗಂಟು ಜಾಸ್ತಿ ಇದ್ದಷ್ಟೂ ಒಳ್ಳೆಯದು.’

ಎರಡು ತಿಂಗಳ ಮೇಲೆ ಕಾಕಾ ಫೋನ್ ಮಾಡಿದರು. “ತಮ್ಮಾ, ನೀ ಬರದದ್ದು ಖರೇ ಐತಿ ನೋಡು. ಬದನಿ ಗಿಡದ ಬೇರಿಗೆ ಏನು ಗಂಟು ಅಂತಿ! ಆದ್ರ ಗಿಡ ಯಾಕೋ ಏಳವಲ್ತು.”

ಬದನೆ ಅಂದಕೂಡಲೇ ಎದೆ ಧಸಕ್ಕೆಂದಿತು. ಬದನೆ ಬೇಳೆಕಾಳಿನ ಜಾತಿಯದಲ್ಲ, ಅದರ ಬೇರಿಗೆ ರೈಜೋಬಿಯಂ ಗಂಟು ಕಟ್ಟುವುದಿಲ್ಲ. ಅದು ಬೇರುಗಂಟು ರೋಗ. ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವಿನ ಕಾಟ. ಮಸಾರಿ (ಕೆಂಪು ಮಣ್ಣಿನ) ಹೊಲ, ಮೂರು ವರ್ಷದಿಂದ ಅಲ್ಲೇ ಬದನೆ ಇಲ್ಲವೇ ಟೊಮೇಟೊ. ಬಾರದೆ ಇನ್ನೇನು? ಆದರೆ ಕಾಕಾಗೆ ತಪ್ಪು ಓದಿಸಿದ್ದು ನಾನೇ, ಅಲ್ವಾ?

ಭಾನುವಾರ ಊರಿಗೆ ಹೋಗಿ ಒಂದು ಬದನೆ ಗಿಡ, ಪಕ್ಕದ ಹೊಲದ ಒಂದು ಶೇಂಗಾ ಗಿಡ ಕಿತ್ತು ಬಕೆಟ್ ನೀರಿನಲ್ಲಿ ಜಾಲಾಡಿದೆವು. ಶೇಂಗಾ ಬೇರಿಗೆ ಸಾಸಿವೆ ಗಾತ್ರದ ಉಂಡೆಗಳು, ಕವಲುಬೇರು ಒಡೆಯುವ ಕಡೆ ಒಂದೊಂದು ಅಂಟಿಕೊಂಡಿದ್ದವು. ಉಗುರಿನಿಂದ ಒತ್ತಿದರೆ ಪಟ್ಟನೆ ಬಿಟ್ಟು ಬಂದವು, ಬೇರಿಗೆ ಏನೂ ಆಗಲಿಲ್ಲ. ಹಿಚುಕಿದರೆ ಒಳಗೆ ಕೆಂಪು. ನಮ್ಮ ರಕ್ತದ ಕೆಂಪಿಗೆ ಹತ್ತಿರದ ನೆಂಟನಾದ ಲೆಗ್‌ಹೀಮೊಗ್ಲೋಬಿನ್ ಅದು. ಉಂಡೆಯೊಳಗಿನ ಆಕ್ಸಿಜನ್ ಹಿಡಿತ ಮೀರದಂತೆ ನೋಡಿಕೊಳ್ಳುತ್ತದೆ, ಇಲ್ಲದಿದ್ದರೆ ಬ್ಯಾಕ್ಟೀರಿಯಾಕ್ಕೆ ಗಾಳಿಯ ಸಾರಜನಕ ಹಿಡಿಯಲು ಆಗುವುದಿಲ್ಲ. (ಹಾಗಾಗಿ ನನ್ನ ಆ ಸಾಲೂ ಪೂರ್ತಿ ಸರಿಯಿಲ್ಲ. ಎಣಿಕೆಗಿಂತ ಒಳಗಿನ ಬಣ್ಣ ಮುಖ್ಯ. ಹಸಿರಾಗಿದ್ದರೆ ಅದರ ಕೆಲಸ ಮುಗಿದಿದೆ ಅಂತ.)

ಬದನೆ ಬೇರು ಬೇರೆಯೇ ತರ. ಬೇರೇ ಅಲ್ಲಲ್ಲಿ ಊದಿ, ಗಂಟುಗಂಟಾದ ಹಗ್ಗದ ಹಾಗಾಗಿತ್ತು. ಕೀಳಲು ನೋಡಿದರೆ ಬೇರೇ ಕಿತ್ತು ಬಂತು. ಕಾಕಾ ನೋಡಿದವರೇ, “ಇದು ಗಂಟಲ್ಲೋ, ಬೇರ ಬಾತೈತಿ” ಅಂದರು.

ನನ್ನ ಪ್ರಶ್ನೆ ಹುಟ್ಟಿದ್ದೇ ಆ ಮಾತಿನಿಂದ. ಇಂಗ್ಲಿಷಿನಲ್ಲಿ ಶೇಂಗಾದ್ದಕ್ಕೆ ನಾಡ್ಯೂಲ್, ಬದನೆಯದಕ್ಕೆ ನಾಟ್. ನಮ್ಮ ಕೃಷಿ ಬರಹಗಳಲ್ಲಿ ಎರಡಕ್ಕೂ ‘ಬೇರುಗಂಟು’. ಆದರೆ ಬಳಕೆಯ ಕನ್ನಡದಲ್ಲಿ ಗಂಟು ಅಂದರೆ ಕಟ್ಟಿದ್ದು, ಕೂಡಿಟ್ಟದ್ದು. ಬುತ್ತಿಯ ಗಂಟು, ದುಡ್ಡಿನ ಗಂಟು. ‘ನಿಮ್ಮಪ್ಪನ ಗಂಟೇನು ಹೋಗ್ತದ?’ ಅನ್ನುವುದಿಲ್ಲವೇ? ಶೇಂಗಾದ ಉಂಡೆಗೆ ಇದು ಸರಿಯಾಗಿ ಹೊಂದುತ್ತದೆ. ಹೆಸರುಕಾಳು, ಸೋಯಾಬೀನಿನ ಬೇರು ಮಣ್ಣಿಗೆ ಒಂದು ರಸ ಬಿಡುತ್ತದೆ. ಅದನ್ನು ಗುರುತಿಸಿದ ಬ್ಯಾಕ್ಟೀರಿಯಾ ತನ್ನ ಕಡೆಯಿಂದ ಉತ್ತರ ಕೊಡುತ್ತದೆ. ಆಗ ಬೇರಿನ ರೋಮ ಸುರುಳಿಯಾಗಿ ಅದನ್ನು ಒಳಗೆ ಕರೆದುಕೊಳ್ಳುತ್ತದೆ. ಶೇಂಗಾದಲ್ಲಿ ಮಾತ್ರ ಕವಲುಬೇರು ಹೊರಬರುವಾಗ ಆಗುವ ಬಿರುಕೇ ಬಾಗಿಲು. ಒಳಗೆ ಬಂದ ಮೇಲೆ ಗಿಡವೇ ಹೊಸದಾಗಿ ಮನೆ ಕಟ್ಟಿಕೊಡುತ್ತದೆ. ಗಿಡ ಸಕ್ಕರೆ ಕೊಡುತ್ತದೆ, ಬ್ಯಾಕ್ಟೀರಿಯಾ ಅಮೋನಿಯಾ ಕೊಡುತ್ತದೆ. ಜಂತುಹುಳು ಹಾಗಲ್ಲ. ಬೇರಿನ ತುದಿಯಲ್ಲಿ ಹೊಕ್ಕು, ಅಲ್ಲಿನ ಜೀವಕೋಶಗಳನ್ನೇ ದೊಡ್ಡದು ಮಾಡಿಸಿ ಸುಮ್ನೆ ಉಣ್ಣುತ್ತ ಕೂರುತ್ತದೆ. ಅದು ಬಾವೇ ಸರಿ.

ಅದಕ್ಕೆ ಮುಂದಿನ ಕರಪತ್ರದಲ್ಲಿ ರೈಜೋಬಿಯಂನದಕ್ಕೆ ‘ಬೇರುಗಂಟು’, ರೋಗಕ್ಕೆ ‘ಬೇರುಬಾವು’ ಎಂದು ಬರೆಯಬೇಕೆಂದಿದ್ದೇನೆ. ತೊಂದರೆ ಒಂದಿದೆ. ‘ಬೇರುಗಂಟು ರೋಗ’ ಔಷಧಿ ಅಂಗಡಿಯವರ ಬಾಯಲ್ಲೂ ಕೂತುಬಿಟ್ಟಿದೆ. ಬೇರುಬಾವು ಅಂತ ಕೇಳಿದರೆ ಅವರು ಏನು ಕೊಟ್ಟಾರು?

ಅಥವಾ ಹೆಸರು ಬದಲಿಸಬೇಕಾದ್ದು ಒಳ್ಳೆಯದಕ್ಕೋ? ಅವತ್ತು ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅಜ್ಜಿಯೊಬ್ಬರು ಬೇರು ನೋಡಿ, “ಇವಾ? ಬೇರಿನ ಮಣಿ ಅಲ್ಲೇನ” ಅಂದರು. ಅವರೊಬ್ಬರ ಮಾತೋ, ಆ ಕಡೆ ಎಲ್ಲರೂ ಹಾಗೆ ಅನ್ನುತ್ತಾರೋ ಕೇಳುವಷ್ಟರಲ್ಲಿ ಮಳೆ ಬಂತು. ಹಾವೇರಿ, ಸವಣೂರು, ನವಲಗುಂದ ಕಡೆಯವರು ‘ಮಣಿ’ ಕೇಳಿದ್ದೀರಾ? ಬೇರೆ ಪದ ಇದ್ದರೂ ತಿಳಿಸಿ. ಹಿಂಗಾರಿ ಕಡಲೆ ಬಿತ್ತುವ ಮೊದಲು ಕರಪತ್ರ ಅಚ್ಚಿಗೆ ಹೋಗಬೇಕು.