ಇಬ್ನ್ ಸೀನಾ ಹೇಳಿದ್ದೂ ಡೆಕಾರ್ಟ್ ಹೇಳಿದ್ದೂ ಒಂದೇನಾ?

ಎಂಎ ಎರಡನೇ ವರ್ಷ:
ಸೆಮಿನಾರಿಗೆ ತಯಾರಿ ನಡೀತಿದೆ. ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ‘ನಾನು’ ಇದ್ದೇನೆ ಎಂಬುದರ ಬಗ್ಗೆ 1641ರಲ್ಲಿ ಹೇಳಿದ್ದನ್ನು ಪರ್ಷಿಯಾದ ತತ್ವಜ್ಞಾನಿ ಇಬ್ನ್ ಸೀನಾ (980–1037) ಆರು ಶತಮಾನ ಮೊದಲೇ ಹೇಳಿದ್ದ ಅಂತಾರೆ. ಹಾಗೇ ಬರೆದುಬಿಡಲಾ? ಮನಸ್ಸು ಯಾವಾಗಲೂ ಯಾವುದೋ ಒಂದರ ಕಡೆ ತಿರುಗಿರುತ್ತದೆ ಎಂದ ಜರ್ಮನ್ ತತ್ವಜ್ಞಾನಿ ಬ್ರೆಂಟಾನೋಗೂ (1874) ಅಲ್ಲಿ ಹೋಲಿಕೆ ಸಿಗುತ್ತಾ?

ಕುರಿಹಟ್ಟಿ:
ಬೇಡ, ಹಾಗೆ ಬರೆಯಬೇಡಿ. ಡೆಕಾರ್ಟ್ ಎಲ್ಲವನ್ನೂ ಅನುಮಾನಿಸುತ್ತಾ ಹೋಗಿ, ಅನುಮಾನಿಸುವ ‘ನಾನು’ ಇದ್ದೇ ಇದ್ದೇನೆ ಎನ್ನುತ್ತಾನೆ. ಇಬ್ನ್ ಸೀನಾ ಕಲ್ಪಿಸಿಕೊಳ್ಳಲು ಹೇಳುವ ಮನುಷ್ಯನಿಗೆ ಅನುಮಾನವೇ ಇಲ್ಲ. ಅವನು ದೊಡ್ಡವನಾಗಿಯೇ ಒಮ್ಮೆಗೇ ಹುಟ್ಟಿ, ಶೂನ್ಯದಲ್ಲಿ ತೇಲುತ್ತಿದ್ದಾನೆ. ಕಣ್ಣಿಗೆ ಮುಸುಕು. ಕೈಕಾಲು ಬಿಡಿಬಿಡಿಯಾಗಿ ಚಾಚಿವೆ, ಒಂದಕ್ಕೊಂದು ತಾಗಿದರೂ ಸ್ಪರ್ಶ ಬಂದುಬಿಡುತ್ತದಲ್ವಾ! ಆದರೂ ತಾನಿದ್ದೇನೆ ಎಂಬುದು ಅವನಿಗೆ ಗೊತ್ತು. ‘ಇಶಾರಾತ್’ ಎಂಬ ಪುಸ್ತಕದಲ್ಲಿ ಇಬ್ನ್ ಸೀನಾ ಇನ್ನೂ ಮುಂದೆ ಹೋಗುತ್ತಾನೆ: ನನ್ನ ಕೆಲಸದಿಂದ ನಾನಿದ್ದೇನೆ ಎಂದು ತಿಳಿದೆ ಅಂದರೆ, ಅದು ‘ನನ್ನ’ ಕೆಲಸ ಎನ್ನುವಾಗಲೇ ‘ನಾನು’ ಬಂದಾಯಿತು. ಡೆಕಾರ್ಟ್‌ಗೆ ಮೊದಲೇ ಕೊಟ್ಟ ಉತ್ತರದಂತಿದೆ ಇದು.

ಬ್ರೆಂಟಾನೋಗೆ ಹೋಲಿಕೆ ಬೇಕಿದ್ದರೆ ಕುರಿಯನ್ನು ನೋಡಿ. ತೋಳದ ಬಣ್ಣ, ಆಕಾರ ಕುರಿಯ ಕಣ್ಣಿಗೆ ಬೀಳುತ್ತವೆ. ಹಗೆತನಕ್ಕೆ ಬಣ್ಣವೆಲ್ಲಿದೆ? ಆದರೂ ಕುರಿ ಓಡುತ್ತದೆ. ಆ ಹಗೆತನವನ್ನು ಗ್ರಹಿಸುವ ಶಕ್ತಿಗೆ ಇಬ್ನ್ ಸೀನಾ ‘ವಹ್ಮ್’ ಎನ್ನುತ್ತಾನೆ. ಏಟು ತಿಂದ ನಾಯಿ ಕೋಲು ಕಂಡರೆ ಹೆದರುವುದೂ ಅದರಿಂದಲೇ. ನಮ್ಮ ಮನೇಲಿ ಕುರಿ ಸಾಕಿದವರು ನಾವು, ತೋಳವನ್ನೇ ಕಾಣದ ಮರಿ ಬೆದರುವುದನ್ನು ನೋಡಿದ್ದೇನೆ. ಹಾಗಾಗಿ ಈ ಭಾಗ ನನಗೆ ಜಾಸ್ತಿ ಇಷ್ಟ. ಮುಂದೆ ಬಂದ ತತ್ವಜ್ಞಾನಿ ಇಬ್ನ್ ರುಶ್ದ್ ಈ ವಹ್ಮ್ ಅನ್ನು ಒಪ್ಪಲಿಲ್ಲ, ಪ್ರಾಣಿಗಳಿಗೆ ಕಲ್ಪನಾಶಕ್ತಿಯೇ ಸಾಕು ಎಂದ.

ಆದರೆ ಬ್ರೆಂಟಾನೋಗೆ ಬೇಕಿದ್ದುದು ಮನಸ್ಸಿಗೂ ಭೌತಿಕ ವಸ್ತುವಿಗೂ ನಡುವಿನ ಗೆರೆ. ವಹ್ಮ್ ಆ ಗೆರೆ ಎಳೆಯುವುದಿಲ್ಲ, ಇಬ್ನ್ ಸೀನಾ ಪ್ರಕಾರ ಅದು ಇರುವುದೇ ಮೆದುಳಿನಲ್ಲಿ.

ಸಂದೇಹಿ:
ತೇಲುವವನಿಗೆ ದೇಹ ಗೊತ್ತಾಗಲಿಲ್ಲ, ಸರಿ. ಅಷ್ಟಕ್ಕೇ ಅವನು ದೇಹವಲ್ಲ ಅಂತ ಹೇಗಾಯ್ತು? ನನ್ನ ಪಿತ್ತಕೋಶವೂ ನನಗೆ ಗೊತ್ತಾಗಲ್ಲ.

ಕುರಿಹಟ್ಟಿ:
ನ್ಯಾಯವಾದ ಮಾತು ಸಾರ್. ಇಬ್ನ್ ಸೀನಾನೂ ಇದನ್ನು ಸುಮ್ನೆ ಎಚ್ಚರಿಸುವ, ನೆನಪಿಸುವ ಸೂಚನೆ ಎನ್ನುತ್ತಾನೆ. ‘ನಾನು’ ದೇಹವಲ್ಲ ಎಂದು ಸಾಧಿಸಲು ಬೇರೆ ವಾದವಿದೆ: ಬುದ್ಧಿ ಗ್ರಹಿಸುವ ಸಾಮಾನ್ಯ ವಿಚಾರವನ್ನು ತುಂಡು ಮಾಡಲಾಗದು, ದೇಹವನ್ನು ಮಾಡಬಹುದು. ಹಾಗಾಗಿ ಆ ವಿಚಾರ ದೇಹದಲ್ಲಿ ಕೂರಲಾರದು, ಅದನ್ನು ಗ್ರಹಿಸುವ ಬುದ್ಧಿಯೂ ದೇಹವಲ್ಲ. ತಕರಾರು ತೆಗೆಯುವುದಿದ್ದರೆ ಅಲ್ಲಿ ತೆಗೆಯಿರಿ.

ಎಂಎ ಎರಡನೇ ವರ್ಷ:
ಹಾಗಾದ್ರೆ ಡೆಕಾರ್ಟ್‌ಗೆ ಒಂದೇ ಪುಟ. ಉಳಿದದ್ದೆಲ್ಲ ಕುರಿಗೆ.