ಉಗುರಿನಡಿಯ ಗ್ಲೋಮಸ್ ಗೆಡ್ಡೆ: ಆಪರೇಷನ್ ಮಾಡಿಸಿಕೊಂಡವರು ಅನುಭವ ತಿಳಿಸಿ

ತುಮಕೂರಿನವಳು: ಬಲಗೈ ಉಂಗುರಬೆರಳಿನ ಉಗುರಿನಡಿ ಗ್ಲೋಮಸ್ ಗೆಡ್ಡೆ (ಸಣ್ಣ ರಕ್ತನಾಳಗಳ ಬಳಿ ಬೆಳೆಯುವ, ತುಂಬಾ ನೋಯುವ ಪುಟ್ಟ ಗಂಟು) ಎಂದು ಎಂಆರ್‌ಐಯಲ್ಲಿ ಬಂದಿದೆ. ಉಗುರು ತೆಗೆಯಲೇಬೇಕು ಎನ್ನುತ್ತಾರೆ ಒಬ್ಬ ವೈದ್ಯರು. ಪಕ್ಕದಿಂದ ಸೀಳಿದರೆ ಸಾಕು ಎನ್ನುತ್ತಾರೆ ಇನ್ನೊಬ್ಬರು. ಹೊಲಿಗೆಯೇ ನನ್ನ ಜೀವನ. ಏನು ಮಾಡಲಿ?

ಹಾಸನದ ಶಿಕ್ಷಕಿ: ಉಗುರು ತೆಗೆಸಿ, ಎರಡನೆಯ ಮಾತೇ ಬೇಡ. ನನಗೆ ಮೊದಲು ಉಗುರುಸುತ್ತು ಎಂದು ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿದರು, ಆಮೇಲೆ ಕುತ್ತಿಗೆಯ ನರ ಎಂದು ಪಟ್ಟಿ ಹಾಕಿದರು, ಕಡೆಗೆ ಎಲ್ಲವೂ ಮನಸ್ಸಿನದು ಎಂದು ನಿದ್ದೆಮಾತ್ರೆ ಕೊಟ್ಟರು. ಫ್ರಿಜ್‌ನಿಂದ ಹಾಲಿನ ಪ್ಯಾಕೆಟ್ ತೆಗೆದರೆ ನೋವು ಭುಜದವರೆಗೆ ಸಿಡಿಯುತ್ತಿತ್ತು. ಕೈ ಶಸ್ತ್ರವೈದ್ಯರೊಬ್ಬರು ಗುಂಡುಸೂಜಿಯ ತಲೆಯಿಂದ ಉಗುರನ್ನು ಒತ್ತುತ್ತ ಬಂದರು. ಒಂದೇ ಚುಕ್ಕೆಯಲ್ಲಿ ಕಿರುಚಿಕೊಂಡೆ, ಅದರ ಪಕ್ಕದಲ್ಲಿ ಏನೂ ಇಲ್ಲ. ತೋಳಿಗೆ ಬಿಪಿ ಪಟ್ಟಿ ಬಿಗಿದು ಗಾಳಿ ತುಂಬಿದಾಗ ನೋವು ಮಾಯ. ರೋಗ ಗೊತ್ತಾಗಿದ್ದು ಹಾಗೆ. ಎಂಆರ್‌ಐಗೆ ಸುರಿಯುವ ದುಡ್ಡು ದಂಡ. ಆಪರೇಷನ್‌ಗೆ 31,000, ಗೆಡ್ಡೆಯ ತುಣುಕಿನ ಪರೀಕ್ಷೆಗೆ 1,800, ಡ್ರೆಸ್ಸಿಂಗ್‌ಗೆ ಪ್ರತಿ ಸಲ 350. ಉಗುರಿನ ನಡುವೆ ಗೆರೆ ಉಳಿದಿದೆ, ಇರಲಿ. ಈಗ ತಣ್ಣೀರಿನಲ್ಲಿ ಪಾತ್ರೆ ತೊಳೆಯುತ್ತೇನೆ!

ಹುಬ್ಬಳ್ಳಿ ವ್ಯಾಪಾರಿ: ದಂಡ ಎನ್ನಬೇಡಿ ಮೇಡಂ, ಹೊಟ್ಟೆ ಉರಿಯುತ್ತದೆ. ನನಗೆ ಎಂಆರ್‌ಐ ಇಲ್ಲದೆ ಉಗುರು ಕಿತ್ತರು, ಚೂರು ಒಳಗೇ ಉಳಿಯಿತು. ಹೊಸ ಉಗುರು ಬರುವ ಮೊದಲೇ ಹಳೆಯ ನೋವು ಬಂತು. ಉಗುರುಸುತ್ತಿನ ಮೇಲೆ ಒನಕೆ ಪೆಟ್ಟು ಎಂದರೆ ಇದೇ. ಆಗ 9,500 ಕೊಟ್ಟು ಎಂಆರ್‌ಐ ಮಾಡಿಸಿ, ಪಕ್ಕದಿಂದ ಸೀಳಿಸಿ ಮತ್ತೆ 46,000 ತೆತ್ತೆ. ಉಗುರು ನೆಟ್ಟಗಿದೆ, ನೋವಿಲ್ಲ. ಪಕ್ಕದಿಂದಲೇ ಮಾಡಿಸಿ.

ಹಾಸನದ ಶಿಕ್ಷಕಿ: ಚೂರು ಉಳಿಸಿದ್ದು ಮಾಡಿದವರ ಕೈ, ಉಗುರು ತೆಗೆದದ್ದಲ್ಲ. ಉಗುರು ಸರಿದರೆ ಗೆಡ್ಡೆ ಕಣ್ಣೆದುರೇ ಕಾಣುತ್ತದೆ.

ಮಂಗಳೂರಿನ ನರ್ಸ್: ಇಬ್ಬರೂ ಜಗಳ ಬಿಡಿ. ಗೆಡ್ಡೆ ಅಂಚಿನಲ್ಲಿದ್ದರೆ ಪಕ್ಕದಿಂದ ಸುಲಭ. ಉಗುರಿನ ನಡುವೆ ಇದ್ದರೆ ಸಾಮಾನ್ಯವಾಗಿ ಉಗುರು ಸರಿಸಬೇಕಾಗುತ್ತದೆ. ಅಕ್ಕ, ವರದಿಯಲ್ಲಿ ಜಾಗ ಬರೆದಿರುತ್ತಾರೆ, ಅದನ್ನು ಇಲ್ಲಿ ಹಾಕಿ. ನನ್ನ ತಾಯಿಗೂ ಇದೇ ಆಯಿತು. ರಾತ್ರಿ ದಾಖಲಾಗಲಿಲ್ಲ ಎಂದು ವಿಮೆಯವರು ಒಂದು ರೂಪಾಯಿಯನ್ನೂ ಕೊಡಲಿಲ್ಲ.

ಹುಬ್ಬಳ್ಳಿ ವ್ಯಾಪಾರಿ: ನನಗೆ ಕೊಟ್ಟರು. ರಾತ್ರಿ ದಾಖಲಾಗದಿದ್ದರೂ ವಿಮೆ ಸಿಗುವ ಚಿಕಿತ್ಸೆಗಳ ‘ಡೇ ಕೇರ್’ ಪಟ್ಟಿಯಲ್ಲಿ ಇದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಬೇಕಿತ್ತು.

ಮಂಗಳೂರಿನ ನರ್ಸ್: ಕೇಳಿದ್ದೆವು. ಪತ್ರವೂ ಇದೆ. ನಿಮಗೆ ಸಿಕ್ಕಿತೆಂದು ಎಲ್ಲರಿಗೂ ಸಿಗುತ್ತದೆ ಎನ್ನಬೇಡಿ.