ಸಹಾಯ ಬೇಕು: ಕಾರಿನ ಡಿಕ್ಕಿಯ ಹಾಸಿನಲ್ಲಿ ನಾಟಿದ ನಾಯಿಕೂದಲು

ಶಿವಮೊಗ್ಗ, ತೀರ್ಥಹಳ್ಳಿ ಕಡೆ ಕಾರು ಕ್ಲೀನಿಂಗ್ ಮಾಡುವವರು ದಯವಿಟ್ಟು ದಾರಿ ಹೇಳಿ.

ಸೀಟಿನ ಬಟ್ಟೆ ಸಮಸ್ಯೆಯಲ್ಲ. ರಬ್ಬರ್ ಗ್ಲೌಸ್ ಲಘುವಾಗಿ ಒದ್ದೆ ಮಾಡಿ ಒಂದೇ ದಿಕ್ಕಿಗೆ ಎಳೆದರೆ ಕೂದಲು ಉಂಡೆಯಾಗಿ ಬರುತ್ತೆ, ಆಮೇಲೆ ವ್ಯಾಕ್ಯೂಮ್ ಸಾಕು. ತೊಂದರೆ ಡಿಕ್ಕಿಯ ಫೆಲ್ಟ್ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ) ಹಾಸಿನದು. ಲ್ಯಾಬ್ರಡಾರ್‌ನ ಗಿಡ್ಡ, ಒರಟು ಕೂದಲು ಸೂಜಿಯಂತೆ ಎಳೆಗಳ ನಡುವೆ ಹೊಕ್ಕಿದೆ; ವ್ಯಾಕ್ಯೂಮ್ ಮೇಲಿನದನ್ನಷ್ಟೇ ಎಳೆಯುತ್ತೆ. ಹಿಮ್ಮಡಿ ಉಜ್ಜುವ ಕಲ್ಲಿಗೆ ಕೂದಲು ಬರುತ್ತೆ ನಿಜ, ಜೊತೆಗೆ ಫೆಲ್ಟೂ ಜುಂಗೇಳುತ್ತೆ.

ಅರ್ಧ ಲೀಟರ್ ನೀರಿಗೆ ಒಂದು ಚಮಚ ಬಟ್ಟೆ ಕಂಡೀಷನರ್ ಹಾಕಿ ಸಿಂಪಡಿಸಿ ಅನ್ನಬೇಡಿ. ಅದು ಸ್ಥಾಯೀ ವಿದ್ಯುತ್ತಿನಿಂದ ಅಂಟಿದ ಕೂದಲಿಗೆ, ಒಣ ಬೇಸಿಗೆಯ ಮದ್ದು. ಈ ಜಡಿಮಳೆಯಲ್ಲಿ ಹಾಸಿನಡಿಯ ಪದರಕ್ಕೆ ತೇವ ಇಳಿದರೆ ಒಣಗೋದೇ ಇಲ್ಲ, ಬೂಷ್ಟು ಹಿಡಿದು ಮುಗ್ಗಲು ವಾಸನೆ. ಆಗುಂಬೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಬೇಕಿರೋದು ಇಷ್ಟು: ಡ್ರಿಲ್‌ಗೆ ಹಾಕುವ ಮೆತ್ತನೆ ನೈಲಾನ್ ಬ್ರಷ್ಷನ್ನು ನಿಧಾನ ವೇಗದಲ್ಲಿ ಓಡಿಸಿದರೆ ಫೆಲ್ಟ್ ಉಳಿಯುತ್ತಾ? ಒಂದು ಕೈಲಿ ಕಂಪ್ರೆಸರ್ ಗಾಳಿ, ಇನ್ನೊಂದರಲ್ಲಿ ವ್ಯಾಕ್ಯೂಮ್ ಹಿಡಿದು ಕೆಲಸ ಮಾಡುವವರು ಶಿವಮೊಗ್ಗದಲ್ಲಿ ಇದ್ದಾರಾ? ಬರೀ ಗಾಳಿ ಹೊಡೆದರೆ ಕೂದಲು ಎಸಿ ದಾರಿಗೆ, ಸೀಟಿನ ಹಳಿಯ ಗ್ರೀಸಿಗೆ ಸೇರುತ್ತೆ. ಹಾಗಾಗಿ ಎರಡೂ ಒಟ್ಟಿಗೆ ಮಾಡುವವರೇ ಬೇಕು.